ಪಕ್ಕದ ಸೀಟಿನಣ್ಣನ ಮನೆಗೊಂದು ಕಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರು ಶೋರೂಮಿನ ಹಿಂದಿನ ಅಂಗಳದಲ್ಲಿ ಒಬ್ಬರು ಬೂದು ಬಣ್ಣದ ಕಾರಿನ ಹಿಂಬದಿ ಸೀಟಿಗೆ ತಲೆ ತೂರಿಸಿಕೊಂಡು ಏನನ್ನೋ ತಡಕಾಡುತ್ತಿದ್ದಾರೆ. ಹೊರಗಿರುವವರಿಗೆ ಕಾಣುವುದು ಅವರ ಎರಡು ಕಾಲು, ಪಕ್ಕದಲ್ಲೊಂದು ಬಕೆಟ್ಟು, ಸೊಂಟದಿಂದ ಜಾರುತ್ತಿರುವ ಒರೆಸುವ ಬಟ್ಟೆ. ಸ್ವಲ್ಪ ಹೊತ್ತಿಗೆ ತಲೆ ಈಚೆ ಬರುತ್ತದೆ. ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು, ಒಂದು ಪುಟ್ಟ ಕೂದಲಿನ ಕ್ಲಿಪ್ಪು. "ನಿನ್ನೆ ಸಂಜೆ ಬಂದೋರ ಮಗೂದು" ಎನ್ನುತ್ತಾ ಕ್ಲಿಪ್ಪನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. "ಮಗು ಗಾಡೀಲಿ ಕೂತು ನಿರಾಳವಾಗಿ ಬಿಸ್ಕತ್ತು ತಿಂತು ಅಂದ್ರೆ ಅದಕ್ಕೆ ಗಾಡಿ ಹಿಡಿಸ್ತು ಅಂತ ಲೆಕ್ಕ. ಅಪ್ಪ ಅಮ್ಮ ಏನೇ ಅನ್ಲಿ, ಅವರು ವಾಪಸ್ ಬರ್ತಾರೆ ನೋಡಿ."

ಇವರ ಕೆಲಸ ಪಕ್ಕದ ಸೀಟಿನಲ್ಲಿ ಕೂರುವುದು. ಹೊಸ ಕಾರು ಕೊಳ್ಳುವ ಮುಂಚೆ ನಾವೆಲ್ಲ ಒಂದು ಸುತ್ತು ಓಡಿಸಿ ನೋಡುತ್ತೇವಲ್ಲ, ಆಗ ಶೋರೂಮಿನ ಕಡೆಯಿಂದ ಒಬ್ಬರು ಪಕ್ಕದಲ್ಲಿ ಕೂತಿರುತ್ತಾರೆ. ಕಾರಿನ ಬಣ್ಣ, ಬೆಲೆ, ಮೈಲೇಜು ನಮಗೆ ವರ್ಷಗಟ್ಟಲೆ ನೆನಪಿರುತ್ತದೆ. ಅವತ್ತು ಪಕ್ಕದಲ್ಲಿದ್ದವರ ಮುಖ ಹೇಗಿತ್ತು ಎಂದು ಕೇಳಿ, ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಇಲ್ಲಿ ಮ್ಯಾನೇಜರಿಂದ ಹಿಡಿದು ಚಹಾ ತರುವಾಕೆಯವರೆಗೆ ಎಲ್ಲರ ಬಾಯಲ್ಲೂ ಇವರು 'ಪಕ್ಕದ ಸೀಟಿನಣ್ಣ'. ಸ್ವಂತ ಹೆಸರಿನಿಂದ ಕರೆದರೆ ತಿರುಗಿ ನೋಡುವುದಕ್ಕೇ ಸ್ವಲ್ಪ ಹೊತ್ತು ಬೇಕು ಎಂದು ಅವರೇ ನಗುತ್ತಾರೆ.

ಇಷ್ಟು ವರ್ಷ ಊರಿನವರ ಕಾರಿಗೆಲ್ಲ ಸಾಕ್ಷಿಯಾಗಿ ಕೂತ ಅಣ್ಣನಿಗೆ ಸ್ವಂತ ಕಾರಿಲ್ಲ. ಈ ವಾರ ಅವರ ಮನೆಯಲ್ಲಿ ಅದರದ್ದೇ ಮಾತು. ಮನೆಯಲ್ಲಿರುವುದು ಅಣ್ಣ, ಹೆಂಡತಿ, ಇಬ್ಬರು ಮಕ್ಕಳು, ಹೆಂಡತಿಯ ತಾಯಿ. ಅತ್ತೆ ಮೆಟ್ಟಿಲಿನಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಹೊರಗೆ ಹೊರಟರೆ ಗಾಲಿಕುರ್ಚಿ ಜೊತೆಗಿರಲೇಬೇಕು. ಬಾಮೈದ ತನ್ನ ಸಣ್ಣ ಕಾರನ್ನು ಕೇಳಿದಾಗಲೆಲ್ಲ ಕೊಡುತ್ತಾನೆ, ಅದರಲ್ಲಿ ತಕರಾರಿಲ್ಲ. ಆದರೆ ಅದರ ಡಿಕ್ಕಿಯಲ್ಲಿ ಕುರ್ಚಿ ಹಿಡಿಯುವುದಿಲ್ಲ. ಮಡಚಿದ ಕುರ್ಚಿ ಹಿಂದಿನ ಸೀಟಿನಲ್ಲಿ ರಾಜನ ಹಾಗೆ ಕೂರುತ್ತದೆ, ಮಕ್ಕಳಲ್ಲೊಬ್ಬರು ಮನೆಯಲ್ಲಿ ಉಳಿಯಬೇಕಾಗುತ್ತದೆ. ಮಕ್ಕಳು ಇದಕ್ಕೆ ಪಾಳಿ ಮಾಡಿಕೊಂಡಿದ್ದಾರೆ. ಎಲ್ಲಿಗಾದರೂ ಹೋಗೋಣ ಎಂದ ಕೂಡಲೇ ಈ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, "ಈ ಸಲ ಯಾರ ಪಾಳಿ?" ಹೋದ ತಿಂಗಳು ಸಂಬಂಧಿಕರ ಮದುವೆಗೆ ಹೊರಟಾಗ ಪಾಳಿ ದೊಡ್ಡ ಮಗಳದು. ಹೊಸ ಬಟ್ಟೆ ಹಾಕಿಕೊಂಡೇ ಗೇಟಿನ ತನಕ ಬಂದು ಕೈ ಬೀಸಿದಳಂತೆ. ಅದನ್ನು ಹೇಳುವಾಗ ಅಣ್ಣ ಬಕೆಟ್ಟಿನ ನೀರು ಬದಲಾಯಿಸಲು ಎದ್ದುಹೋಗುತ್ತಾರೆ.

ಈ ಕೆಲಸಕ್ಕೆ ಅವರು ಬಂದದ್ದೇ ಒಂದು ತಮಾಷೆ. ಮೊದಲು ಟೈರು ಅಂಗಡಿಯಲ್ಲಿದ್ದರು, ಆಮೇಲೆ ಇಲ್ಲಿ ಕಾರು ತೊಳೆಯಲು ಸೇರಿದರು. ಒಂದು ದಿನ ಓಡಿಸಿ ನೋಡಲು ಬಂದ ಹಿರಿಯರೊಬ್ಬರು ಶೋರೂಮಿನ ಹುಡುಗರ ವಾಚಾಳಿತನಕ್ಕೆ ಬೇಸತ್ತು, "ಬಾಯಿ ಮುಚ್ಕೊಂಡು ಕೂರೋರು ಯಾರಾದ್ರೂ ಇದ್ರೆ ಕಳ್ಸಿ, ಇಲ್ಲಾಂದ್ರೆ ನಾನು ಹೊರಟೆ" ಎಂದು ಗುಡುಗಿದರು. ಎದುರಿಗೆ ಸಿಕ್ಕವರು ಇವರು. ಒದ್ದೆ ಪ್ಯಾಂಟಿನಲ್ಲೇ ಹತ್ತಿ ಕೂತರು. ದಾರಿಯುದ್ದಕ್ಕೂ ತುಟಿಪಿಟಕ್ಕೆನ್ನಲಿಲ್ಲ. "ಏನ್ ಹೇಳ್ಬೇಕು ಅಂತ ನನಗೆ ಗೊತ್ತಿದ್ರೆ ತಾನೇ ಹೇಳೋದು? ಸೀಟು ಒದ್ದೆಯಾಗ್ತಿದೆಯಲ್ಲ ಅಂತ ಅದೇ ಚಿಂತೆ ನನಗೆ." ಹಿರಿಯರು ಅವತ್ತೇ ಕಾರು ಬುಕ್ ಮಾಡಿದರು. ಅಣ್ಣ ಮತ್ತೆ ಬಕೆಟ್ಟಿನ ಕಡೆ ಹೋಗಲಿಲ್ಲ, ಬೆಳಗಿನ ಈ ಒಂದು ಕೆಲಸ ಬಿಟ್ಟು. ಇದನ್ನು ಬೇರೆಯವರಿಗೆ ಕೊಡಲು ಅವರಿಗೇ ಮನಸ್ಸಿಲ್ಲ.

ನೋಡುವುದಕ್ಕೆ ಸುಖದ ಕೆಲಸ. ಎಸಿ ಗಾಳಿ, ಮೆತ್ತನೆ ಸೀಟು, ಊರು ಸುತ್ತಾಟ. ಆದರೆ ಸ್ಟಿಯರಿಂಗ್ ಇನ್ನೊಬ್ಬರ ಕೈಯಲ್ಲಿ, ಜೀವ ಮಾತ್ರ ನಮ್ಮದು! ಲೈಸೆನ್ಸ್ ತೋರಿಸಿದವರಿಗೆಲ್ಲ ಓಡಿಸಲು ಬರುತ್ತದೆಂದೇನೂ ಇಲ್ಲ. ಬ್ರೇಕೆಂದು ಆಕ್ಸಿಲರೇಟರ್ ತುಳಿದ ಪುಣ್ಯಾತ್ಮರೊಬ್ಬರು ಕಾರನ್ನು ನೇರ ಕಾಂಪೌಂಡಿಗೆ ಗುದ್ದಿದಾಗ ಅಣ್ಣನ ಮಣಿಕಟ್ಟು ಮುರಿಯಿತು. ಕೈ ಕೂಡುವವರೆಗೆ ಮನೆಯಲ್ಲಿ ಅರ್ಧ ಸಂಬಳ. "ಅವರೇನೂ ಬೇಕೂಂತ ಮಾಡಿದ್ದಲ್ಲ, ಪಾಪ. ಆಸ್ಪತ್ರೇಲಿ ನನಗಿಂತ ಜಾಸ್ತಿ ಅತ್ತಿದ್ದು ಅವರೇ." ಈಗಲೂ ಎದುರಿಗೆ ಲಾರಿ ಬಂದರೆ ಅಣ್ಣನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಇಲ್ಲದ ಬ್ರೇಕನ್ನು ತುಳಿದೂ ತುಳಿದೂ ಅವರ ಕಡೆಯ ಕಾಲೊರಸು ತೂತು ಬಿದ್ದಿದೆ.

ಅಣ್ಣನದೊಂದು ಪದ್ಧತಿಯಿದೆ. ಫೋನಿನಲ್ಲಿ ಸಮಯ ಕೇಳುವವರಿಗೆ ಅವರು ಹೇಳುವುದು ಒಂದೇ ಮಾತು, "ಮನೆಮಂದಿಯೆಲ್ಲ ಬನ್ನಿ, ನೀವು ಯಾವಾಗಲೂ ಸಾಗಿಸೋ ದೊಡ್ಡ ಸಾಮಾನು ಯಾವುದಿದೆಯೋ ಅದನ್ನೂ ತನ್ನಿ." ಗಿರಾಕಿಗಳು ತಂದಿರುವುದನ್ನು ಕೇಳಿದರೆ ನಗು ಬರುತ್ತದೆ. ಮಗುವಿನ ತಳ್ಳುಗಾಡಿ, ಹೊಲಿಗೆ ಮಿಷನ್ನು, ಕರುವಿನಷ್ಟು ಎತ್ತರದ ನಾಯಿ. ಒಬ್ಬರು ತಮ್ಮ ಸೋದರಮಾವನನ್ನೇ ಕರೆತಂದು, "ನಮ್ಮನೇಲಿ ದೊಡ್ಡ ಸಾಮಾನು ಅಂದ್ರೆ ಇವರೇ" ಎಂದರಂತೆ. ಮಾವ ಹಿಂದಿನ ಸೀಟಿನಲ್ಲಿ ಹಾಯಾಗಿ ಕೂತರು, ವ್ಯಾಪಾರವೂ ಕುದುರಿತು. ಸುತ್ತು ಮುಗಿದ ಮೇಲೆ ಎಲ್ಲ ಕಡೆ ಕೇಳುವ "ಹೇಗಿತ್ತು ಸರ್, ಬುಕ್ ಮಾಡೋಣ್ವಾ" ಎಂಬುದು ಅಣ್ಣನ ಬಾಯಿಂದ ಬರುವುದಿಲ್ಲ. "ಮನೆಗೆ ಹೋಗಿ ಮಾತಾಡ್ಕೊಳ್ಳಿ" ಎಂದು ಬಾಗಿಲು ತೆಗೆಯುತ್ತಾರೆ, ಅಷ್ಟೆ. ಮ್ಯಾನೇಜರು ಮೊದಮೊದಲು ಮೂಗು ಮುರಿಯುತ್ತಿದ್ದರು, ಈಗ ಸುಮ್ಮನಾಗಿದ್ದಾರೆ.

ಅದೇ ಮ್ಯಾನೇಜರು ಈಗ ಅಣ್ಣನಿಗೊಂದು ಆಸೆ ಹುಟ್ಟಿಸಿದ್ದಾರೆ. ದಿನವೂ ಒರೆಸುವ ಈ ಬೂದು ಕಾರು, ಅಂದರೆ ಗಿರಾಕಿಗಳು ಓಡಿಸಿ ನೋಡುವ ಟ್ರಯಲ್ ಕಾರು, ಇನ್ನು ಕೆಲವೇ ದಿನಗಳಲ್ಲಿ ನಿವೃತ್ತಿಯಾಗುತ್ತದೆ. ಅಣ್ಣನಿಗಾದರೆ ತೀರಾ ಕಡಿಮೆ ಬೆಲೆಗೆ ಕೊಡುತ್ತಾರಂತೆ. ಎಲ್ಲ ಸೌಲಭ್ಯವೂ ಇರುವ ದುಬಾರಿ ಮಾದರಿ. ಇದನ್ನು ಬಿಟ್ಟರೆ ಅವರ ಕೈಗೆಟುಕುವುದು ಇದೇ ಕಾರಿನ ಅತಿ ಸಾದಾ ಮಾದರಿ, ಡಿಕ್ಕಿ ಇಷ್ಟೇ ದೊಡ್ಡದು, ಹೊಚ್ಚ ಹೊಸದು. ಅದಕ್ಕೆ ಕಂತು ಕಟ್ಟಬೇಕು, ಅಡುಗೆಮನೆ ರಿಪೇರಿಗೆಂದು ಕೂಡಿಟ್ಟದ್ದನ್ನೂ ಸುರಿಯಬೇಕು. ಅಥವಾ ಎರಡೂ ಬೇಡವೆಂದು ಸುಮ್ಮನಿರಬಹುದು, ಮಕ್ಕಳು ಪಾಳಿ ಮುಂದುವರಿಸುತ್ತಾರೆ.

"ಭಾವ, ಇದರಲ್ಲಿ ಯೋಚ್ನೆ ಮಾಡೋದು ಏನಿದೆ? ಕಣ್ಣು ಮುಚ್ಕೊಂಡು ಟ್ರಯಲ್ ಗಾಡಿ ತಗೊಳ್ಳಿ" ಎನ್ನುತ್ತಾನೆ ಬಾಮೈದ. ಅಣ್ಣನಿಗೂ ಒಳಗೊಳಗೇ ಅದೇ ಆಸೆ. ಕ್ಲಚ್ಚು ಪಾಪ ಎಷ್ಟು ಜನರ ತುಳಿತ ತಿಂದಿದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಆದರೂ ಅದರ ಮೇಲೊಂದು ಮಮಕಾರ. ಹೆಂಡತಿಯದು ಬೇರೆ ಧಾಟಿ. ಆಕೆ ಲಾಂಡ್ರಿಯೊಂದರ ವ್ಯಾನು ಓಡಿಸುವಾಕೆ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯನ್ನು ಮೂಟೆಗಟ್ಟಲೆ ಹೊತ್ತು ತಂದು, ಒಗೆದದ್ದನ್ನು ಮುಟ್ಟಿಸಿ ಬರುತ್ತಾರೆ. ಮಾತು ನೇರ. "ಊರವರಿಗೆಲ್ಲ ಹೇಳ್ತೀರಲ್ಲ, ಮನೆಮಂದಿಯೆಲ್ಲ ಬನ್ನಿ, ಸಾಮಾನು ತನ್ನಿ ಅಂತ. ನಾವೂ ಬರ್ತೀವಿ. ಕುರ್ಚೀನೂ ತರ್ತೀವಿ. ಆಮೇಲೆ ಮಾತು."

ಭಾನುವಾರ ಬೆಳಿಗ್ಗೆ ಶೋರೂಮಿನ ಗೇಟಿನಲ್ಲಿ ಅಣ್ಣನ ಬಗ್ಗೆ ಬರೆಯಲು ಬಂದ ನಾನೂ ನಿಂತಿದ್ದೇನೆ, ಪಕ್ಕದಲ್ಲಿ ಬಾಮೈದ. ಕಾರಿನ ವಿಷಯದಲ್ಲಿ ನನಗೆ ತಿಳಿಯುವುದು ಬಣ್ಣ ಮಾತ್ರ, ಹಾಗಾಗಿ ನಾನು ಮನುಷ್ಯರನ್ನು ನೋಡುತ್ತೇನೆ. ಮೊದಲು ಕುರ್ಚಿಯ ಪರೀಕ್ಷೆ. ಅಡ್ಡ ಇಟ್ಟರೆ ಡಿಕ್ಕಿಯ ಮುಚ್ಚಳ ಕೂರುವುದಿಲ್ಲ. ಉದ್ದಕ್ಕೆ ಇಟ್ಟರೂ ಇಲ್ಲ. ಮಕ್ಕಳ ಮುಖ ಚಿಕ್ಕದಾಗುತ್ತದೆ. ಅಣ್ಣ ಕುರ್ಚಿಯ ಕಾಲು ಇಡುವ ಹಲಗೆಗಳನ್ನು ಕಳಚಿ, ಗಾಲಿ ಒಳಮುಖವಾಗಿ ಮಲಗಿಸಿ ಮುಚ್ಚಳ ಒತ್ತುತ್ತಾರೆ. ಟಪ್ಪೆಂದು ಮುಚ್ಚಿಕೊಳ್ಳುತ್ತದೆ. ಮಕ್ಕಳಿಬ್ಬರೂ ಕಿರುಚಿಕೊಂಡು ಅಜ್ಜಿಯ ಎರಡು ಪಕ್ಕಕ್ಕೆ ನುಗ್ಗುತ್ತಾರೆ. "ಕುರ್ಚಿ ಹಿಡೀತಲ್ಲ ಅಳಿಯಂದ್ರೆ, ಇನ್ನು ನಾನು ಎಲ್ಲಾದ್ರೂ ಹಿಡೀತೀನಿ" ಎನ್ನುತ್ತಾರೆ ಅತ್ತೆ.

ಇನ್ನು ಹೊರಡಬೇಕು. ಅಣ್ಣ ಬಟ್ಟೆ ಕೊಡವಿಕೊಂಡು, ಸೀದಾ ಹೋಗಿ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುತ್ತಾರೆ. ಓಡಿಸುವ ಸೀಟು ಖಾಲಿ. ಹೆಂಡತಿ ಹೊರಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. "ರೀ, ಗಾಡಿ ತಾನೇ ಹೋಗತ್ತಾ?" ಅಣ್ಣ ಪೆಚ್ಚುಪೆಚ್ಚಾಗಿ ನಗುತ್ತಾರೆ, ಆದರೆ ಏಳುವುದಿಲ್ಲ. ಕೊನೆಗೆ ಸ್ಟಿಯರಿಂಗ್ ಹಿಡಿಯುವವರು ಆಕೆಯೇ.

ಗೇಟಿನ ಬಳಿ ರಸ್ತೆಗೆ ಹತ್ತುವ ಒಂದು ದಿಬ್ಬವಿದೆ. ವ್ಯಾನಿನ ಬಿರುಸು ಕ್ಲಚ್ಚಿಗೆ ಒಗ್ಗಿದ ಕಾಲು ಈ ಹಗುರ ಕ್ಲಚ್ಚಿನ ಮೇಲಿಂದ ಬೇಗ ಎದ್ದಿತೋ ಏನೋ, ಕಾರು ಗಕ್ಕನೆ ನಿಂತು ಆಫ್ ಆಗುತ್ತದೆ. ತೆರೆದ ಕಿಟಕಿಯಿಂದ ಅಣ್ಣನ ಮೃದುವಾದ ದನಿ ನಮಗೆಲ್ಲ ಕೇಳಿಸುತ್ತದೆ. "ಪರವಾಗಿಲ್ಲ ಮೇಡಂ, ನಿಧಾನವಾಗಿ ಬಿಡಿ. ಎಲ್ರಿಗೂ ಹೀಗಾಗತ್ತೆ."

ಹಿಂದಿನ ಸೀಟಿನಲ್ಲಿ ಅಜ್ಜಿ ಮೊದಲು ಕಿಸಕ್ಕೆಂದರು, ಮಕ್ಕಳು ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ನನ್ನ ಪಕ್ಕದಲ್ಲಿ ಬಾಮೈದ ಗೇಟು ಹಿಡಿದು ಕೂತೇಬಿಟ್ಟ. ಅಣ್ಣನ ಕಿವಿಗಳು ಕೆಂಪಗಾಗಿವೆ. ಹೆಂಡತಿ ನಗುತ್ತಲೇ ಕಾರು ಸ್ಟಾರ್ಟ್ ಮಾಡಿ, "ಆಯ್ತು ಸರ್" ಎಂದು ದಿಬ್ಬ ಹತ್ತಿಸಿಕೊಂಡು ಹೋಗುತ್ತಾರೆ.

ಸುತ್ತು ಮುಗಿಸಿ ಬಂದ ಮೇಲೆ ಅಣ್ಣ ಇಳಿದು ಹೆಂಡತಿಯ ಕಡೆಯ ಬಾಗಿಲು ತೆಗೆದರು. ಈ ಸಲ 'ಮನೆಗೆ ಹೋಗಿ ಮಾತಾಡ್ಕೊಳ್ಳಿ' ಎನ್ನುವ ಅಗತ್ಯ ಬೀಳಲಿಲ್ಲ. ಮಾತು ಮುಂದುವರಿದದ್ದು ಅವರ ಮನೆಯ ಅಡುಗೆಮನೆಯಲ್ಲೇ, ಕೀಲು ಕಳಚಿದ ಕಪಾಟಿನ ಬಾಗಿಲಿನ ಎದುರು. ನಗು ಇನ್ನೂ ಪೂರ್ತಿ ಆರಿಲ್ಲ, ಆದರೆ ಹೆಂಡತಿಯ ದನಿ ಈಗ ಬೇರೆ.

"ಗಾಡಿ ಚೆನ್ನಾಗಿದೆ. ಆದ್ರೆ ಆ ಗಾಡಿ ನಮಗೆ ಬೇಡ."

"ಯಾಕೆ? ಅಷ್ಟು ಕಡಿಮೆಗೆ ಎಲ್ಲಿ ಸಿಗತ್ತೆ?"

"ಬೆಲೆ ವಿಷ್ಯ ಅಲ್ಲ. ದಾರಿ ಉದ್ದಕ್ಕೂ ನೀವು ಒಂದ್ಸಲ ಹಿಂದೆ ತಿರುಗಿ ನೋಡಿದ್ರಾ? ಚಿಕ್ಕೋಳು ಕಿಟಕಿಯಿಂದ ಏನೋ ತೋರಿಸ್ತಾ ಅಪ್ಪ ಅಪ್ಪ ಅಂತಿದ್ಲು. ನೀವು ನೆಟ್ಟಗೆ ಕೂತು ನನ್ನ ಕಾಲು ನೋಡ್ತಿದ್ರಿ, ರಸ್ತೆ ನೋಡ್ತಿದ್ರಿ. ನೀವು ನಮ್ ಜೊತೆ ಬರ್ಲಿಲ್ಲ ರೀ. ನಮ್ಮನ್ನ ಟ್ರಯಲ್‌ಗೆ ಕರ್ಕೊಂಡ್ಹೋದ್ರಿ."

ಅಣ್ಣ ಕಪಾಟಿನ ಬಾಗಿಲನ್ನು ಎತ್ತಿ ಕೀಲಿಗೆ ಕೂರಿಸಲು ನೋಡಿದರು. ಅತ್ತೆ ಕಾಫಿ ಲೋಟ ಕೆಳಗಿಟ್ಟರು.

"ಆ ಗಾಡಿಯೊಳಗೆ ಕೂತ್ರೆ ನಿಮಗೆ ಭಾನುವಾರಾನೂ ಡ್ಯೂಟಿನೇ" ಎಂದರು ಹೆಂಡತಿ. "ಸಾದಾದೇ ಇರ್ಲಿ, ಹೊಸದು ತಗೊಳ್ಳೋಣ. ಈ ಕಪಾಟು ಇಷ್ಟು ವರ್ಷ ತಡೆದಿದೆ, ಇನ್ನೂ ತಡೆಯತ್ತೆ. ನಾನು ವಾರವೆಲ್ಲ ಮೂಟೆ ಹೊತ್ಕೊಂಡು ಓಡಿಸ್ತೀನಿ. ಒಂದು ದಿನ ನೀವು ಓಡಿಸಿ, ನಾನು ಕೂತು ನಿದ್ದೆ ಮಾಡ್ತೀನಿ."

ಹೀಗೆ ತೀರ್ಮಾನವಾಯಿತು. ಮ್ಯಾನೇಜರು ಮರುದಿನ, "ಹುಚ್ಚೇನಣ್ಣಾ ನಿಮಗೆ?" ಎಂದು ಹಣೆ ಚಚ್ಚಿಕೊಂಡು, ಆಮೇಲೆ ತಮ್ಮ ಕೈಯಲ್ಲಾದ ರಿಯಾಯಿತಿ ಬರೆದುಕೊಟ್ಟರು. ಬುಕಿಂಗ್ ಆಗಿದೆ. ಬಿಳಿ ಬಣ್ಣ, ಬೇಗ ಸಿಗುವುದು ಅದೇ. ಹಿಂದಿನ ಕಿಟಕಿಗಳನ್ನು ಕೈಯಲ್ಲಿ ತಿರುಗಿಸಿ ಇಳಿಸಬೇಕು, ಮಕ್ಕಳಿಗೆ ಅದೇ ಖುಷಿ. ಲೈಸೆನ್ಸ್ ಇದ್ದೂ ಸ್ಟಿಯರಿಂಗ್ ಹಿಡಿದದ್ದು ಅಪರೂಪ, ಹಾಗಾಗಿ ಅಣ್ಣ ಈಗ ದಿನವೂ ಕೆಲಸ ಮುಗಿದ ಮೇಲೆ ಅಂಗಳದಲ್ಲಿ ಕಾರು ಹಿಂದೆ ಮುಂದೆ ಓಡಿಸಿ ಕೈ ಪಳಗಿಸಿಕೊಳ್ಳುತ್ತಿದ್ದಾರೆ. ಪಕ್ಕದ ಸೀಟಿನಲ್ಲಿ ಚಹಾ ತರುವಾಕೆ ಕೂತು, "ಪರವಾಗಿಲ್ಲ ಸರ್, ನಿಧಾನ" ಎಂದು ಕಾಲೆಳೆಯುತ್ತಾರೆ.

ಕಾರು ಬರುವ ದಿನದ ಬಗ್ಗೆ ಏನನ್ನಿಸುತ್ತದೆ ಎಂದು ಕೇಳುತ್ತೇನೆ. ಇಲ್ಲಿ ಕೀಲಿ ಕೊಡುವಾಗ ಒಂದು ಪದ್ಧತಿಯಿದೆ. ಕೊಂಡ ಕುಟುಂಬವನ್ನು ಕಾರಿನ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಶೋರೂಮಿನವರೆಲ್ಲ ಹಿಂದೆ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಆ ಸಾಲಿನಲ್ಲಿ ಅಣ್ಣ ನಿಲ್ಲದ ದಿನವಿಲ್ಲ.

ಅಣ್ಣ ಒರೆಸುವ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕುತ್ತಾರೆ.

"ಬೇರೇನೂ ಆಸೆ ಇಲ್ಲ. ಅವತ್ತು ಅಭ್ಯಾಸಬಲದಿಂದ ಹೋಗಿ ಚಪ್ಪಾಳೆ ತಟ್ಟೋರ ಜೊತೆ ನಿಂತುಬಿಡ್ತೀನೇನೋ ಅಂತ ಒಂದೇ ಭಯ. ದೊಡ್ಡೋಳಿಗೆ ಹೇಳಿಟ್ಟಿದ್ದೀನಿ, ಕೈ ಹಿಡ್ಕೊಂಡು ಈಚೆ ಎಳ್ಕೊಳ್ಳೆ, ನಿಮ್ ಜೊತೆ ನಿಲ್ಲಿಸ್ಕೊಳ್ಳೆ ಅಂತ."