ಪಾರ್ಕಿನ ಮನೆಯ ತೊಲೆಗಳು

೧೯೮೮ರಲ್ಲಿ, ಒಂಬತ್ತನೇ ಇಯತ್ತೆಗೆ, ನಾನು ಓದು ಬಿಟ್ಟೆ. ಅದನ್ನು ಯಾರ ಮುಂದೆಯೂ ಮುಚ್ಚಿಟ್ಟವನಲ್ಲ. ಮುಚ್ಚಿಟ್ಟದ್ದು ಬೇರೆ — ನಮ್ಮ ಪಾರ್ಕಿನಲ್ಲಿದ್ದ ಹಳೆಯ ಕಾವಲುಗಾರನ ಮನೆಯ ತೊಲೆಗಳು ಗಟ್ಟಿಯಾಗಿದ್ದವು. ಕೊಳೆತಿವೆ ಎಂದು ನಾನು ಸುಳ್ಳು ಹೇಳಿದೆ. ಆ ಮನೆ ಈಗ ಇಲ್ಲ.

ಲಂಡನ್ನಿನ ಹ್ಯಾರೋದಲ್ಲಿ ನಾನು ಮನೆಗಳ ಛಾವಣಿ ರಿಪೇರಿ ಮಾಡುವವನು. ನಮ್ಮ ಬೀದಿಯ ಅರ್ಧ ಮನೆಗಳ ಹಂಚು ಕೂತದ್ದು ನನ್ನ ಕೈಯಿಂದಲೇ. ಮಾಡಿನ ವಿಷಯ ಬಂದರೆ ಕನ್ನಡದವರಿರಲಿ, ಗುಜರಾತಿಗಳಿರಲಿ, ನನ್ನ ಮಾತೇ ಮಾತು.

ಮೂರು ವರ್ಷದ ಹಿಂದೆ ಇಲ್ಲಿನ ನಗರಾಡಳಿತ, ಅಂದರೆ ಕೌನ್ಸಿಲ್, ಮನೆಮನೆಗೂ ಮತಪತ್ರ ಕಳಿಸುವುದಾಗಿ ತಿಳಿಸಿತು. ಹೊಸ ಫ್ಲಾಟ್ ಕಟ್ಟಿದವರಿಂದ ಬಂದ ಹಣದಲ್ಲಿ ನಮ್ಮ ಭಾಗಕ್ಕೊಂದು ಪಾಲಿತ್ತು. ಅದು ಎಲ್ಲಿಗೆ ಹೋಗಬೇಕೆಂದು ನಾವೇ ಆರಿಸಬೇಕು. ಒಂದೋ ಆ ಹಳೆಯ ಮನೆಯನ್ನು ದುರಸ್ತಿ ಮಾಡಿ ಸೂರಿಲ್ಲದ ಎರಡು ಸಂಸಾರಗಳಿಗೆ ಕೊಡುವುದು. ಇಲ್ಲವೇ ಅದನ್ನು ಕೆಡವಿ ಆಟದ ಅಂಗಳ ಮಾಡುವುದು.

ಮನೆ ಉಳಿಸಬೇಕೆಂದು ಹೊರಟವರು ಇಬ್ಬರು. ಧಾರವಾಡದ ದೇಶಪಾಂಡೆ ಡಾಕ್ಟರು, ಮತ್ತು ಕಟ್ಟಡ ವಿನ್ಯಾಸ ಓದುತ್ತಿದ್ದ ನನ್ನ ಮಗಳು ಅಶ್ವಿನಿ. ಒಂದು ವರ್ಷ ಅವಳು ಆ ಮನೆಯ ಸುತ್ತ ಟೇಪು ಹಿಡಿದು ಓಡಾಡಿದಳು. ಎರಡು ಸಂಸಾರಕ್ಕೆ ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ — ಎಲ್ಲ ಬರೆದಿಟ್ಟಿದ್ದಳು. ಸಂತೋಷಪಡಬೇಕಿತ್ತು ನಾನು.

ಒಂದು ಭಾನುವಾರ ಊಟಕ್ಕೆ ಕೂತಾಗ ಅವಳಿಗೆ ಹೇಳಿದೆ, ಆ ಗೋಡೆಗೆ ಸಿಮೆಂಟ್ ಹಚ್ಚಬಾರದು, ಸುಣ್ಣದ ಗಾರೆಯೇ ಬೇಕು, ಇಟ್ಟಿಗೆ ಉಸಿರಾಡಬೇಕು ಎಂದು. ಮೂವತ್ತು ವರ್ಷ ಕೈ ಸುಟ್ಟುಕೊಂಡು ಕಲಿತ ಮಾತು. ಅವಳು ತಟ್ಟೆಯಿಂದ ತಲೆ ಎತ್ತದೆ, "ಐ ನೋ, ಡ್ಯಾಡ್. ಡಾಕ್ಟರ್ ಅಂಕಲ್ ಆಗಲೇ ಹೇಳಿದ್ರು" ಅಂದಳು.

ಡಾಕ್ಟರು! ಗಾರೆ ಕಲಸಿದ ಕೈಯೇ ಅದು?

ಮುಂದಿನ ವಾರ ಅವರು ನಮ್ಮ ಮನೆಗೇ ಬಂದರು. ನನ್ನ ಹೆಂಡತಿ ಮಾಡಿದ ಗಿರಮಿಟ್ಟು ತಿನ್ನುತ್ತ ನಗೆಯಾಡಿದರು: "ಪಾಟೀಲ್ರ, ಕಾಗದದ ಮ್ಯಾಲಿನ ಗ್ವಾಡಿ ನಮ್ಮವು, ಖರೇ ಗ್ವಾಡಿ ನಿಮ್ಮವು." ಎಲ್ಲರೂ ನಕ್ಕರು. ಅಶ್ವಿನಿಯೂ ನಕ್ಕಳು. ಅದರಲ್ಲಿ ಹೀಯಾಳಿಕೆ ಇರಲಿಲ್ಲ — ಈಗ ಗೊತ್ತು. ಆಗಲೂ ಗೊತ್ತಿತ್ತೇನೋ. ಆದರೆ ನನ್ನ ಮಗಳು ಅವರ ಮುಖ ನೋಡುತ್ತಿದ್ದ ಬಗೆ... ನನ್ನನ್ನು ಹಾಗೆ ನೋಡಿ ಎಷ್ಟು ವರ್ಷವಾಗಿತ್ತು.

ಮತದಾನಕ್ಕೆ ಮುಂಚೆ ಆ ಮನೆಯ ಛಾವಣಿ ನೋಡಿಕೊಡಿ ಎಂದು ಡಾಕ್ಟರೇ ಕೇಳಿಕೊಂಡರು. ಕೌನ್ಸಿಲ್ ತನ್ನ ಎಂಜಿನಿಯರನ್ನು ಕಳಿಸುವುದು ಮತದಾನದಲ್ಲಿ ಮನೆ ಉಳಿಸುವವರು ಗೆದ್ದ ಮೇಲೆಯೇ. ನಾನು ಅಟ್ಟಕ್ಕೆ ಹತ್ತಿದೆ. ಕೊಳೆತ ಮರಕ್ಕೆ ಚಾಕುವಿನ ತುದಿ ಒತ್ತಿದರೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ. ಹನ್ನೊಂದು ತೊಲೆಗೂ ಒತ್ತಿದೆ. ಒಂದರಲ್ಲೂ ಇಳಿಯಲಿಲ್ಲ. ನೂರು ವರ್ಷ ಕಂಡ ಮರ, ಕಲ್ಲಿನಂತಿತ್ತು. ಅದರ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತೆ. ಯೋಚಿಸಲು ಸಮಯವಿತ್ತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಳಗಿಳಿದು ಅಂದೆ: "ತೊಲಿ ಪೂರಾ ಕೊಳತಾವ್ರಿ. ಕೈ ಹಚ್ಚಬ್ಯಾಡ್ರಿ."

ಡಾಕ್ಟರ ಮುಖ ಇಳಿಯಿತು. "ನೀವು ಹೇಳಿದ ಮ್ಯಾಲೆ ಮುಗೀತ್ರಿ," ಅಂದರು. ಜನರೆದುರು ನಗೆಪಾಟಲಾಗುವುದನ್ನು ತಪ್ಪಿಸಿದಿರಿ ಎಂದು ನನ್ನ ಕೈ ಹಿಡಿದು ಉಪಕಾರ ಸ್ಮರಿಸಿದರು. ಅವರು ಅನುಮಾನಪಡಲಿ, ಬೇರೆಯವರನ್ನು ಕರೆಸಲಿ ಎಂದು ನಾನು ಕಾದೆ. ಕರೆಸಲಿಲ್ಲ.

ಮತಪತ್ರ ಬರುವ ಮುಂಚೆ ಲೈಬ್ರರಿಯಲ್ಲಿ ಸೇರಿದ ಊರವರ ಸಭೆಯಲ್ಲಿ ಯಾರೋ ಇಂಗ್ಲಿಷ್ ಮುದುಕಿ, ಮನೆ ನೋಡಲು ಚೆನ್ನಾಗಿಯೇ ಇದೆಯಲ್ಲ ಎಂದು ಪಟ್ಟು ಹಿಡಿದಳು. ಆಗ ಎದ್ದು ನಿಂತವಳು ಅಶ್ವಿನಿ. ತನ್ನ ವರ್ಷದ ಕೆಲಸದ ವಿರುದ್ಧ ತಾನೇ ಮಾತಾಡಿದಳು. "ನಮ್ಮ ಅಪ್ಪ ಆ ರೂಫ್ ನೋಡಿದಾರೆ. ಅವರಿಗಿಂತ ಚೆನ್ನಾಗಿ ಇಲ್ಲಿ ಯಾರಿಗೂ ಗೊತ್ತಿಲ್ಲ" — ಹಾಗೆ ಇಂಗ್ಲಿಷಿನಲ್ಲಿ, ನೂರು ಜನರ ಮುಂದೆ. ನಾನು ಬಯಸಿದ್ದು ಅದೇ ಮಾತು. ಅದು ಸಿಕ್ಕಿದ್ದು ಹೀಗೆ.

ಆಟದ ಅಂಗಳ ಗೆದ್ದಿತು. ಮನೆ ಕೆಡವಿದ ದಿನ ನಾವಿಬ್ಬರೂ ಬೇಲಿಯ ಹೊರಗೆ ನಿಂತಿದ್ದೆವು. ತೊಲೆಗಳು ಒಂದೊಂದಾಗಿ ಇಡಿಯಾಗಿಯೇ ಇಳಿದವು; ಹಳೆಯ ಮರ ಕೊಳ್ಳುವವನು ಲಾರಿಗೆ ಏರಿಸಿಕೊಂಡ. ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ತೋಳು ಹಿಡಿದು, "ಒಳಗಡೆ ಕೊಳೆತಿರಬೇಕಲ್ವಾ, ಡ್ಯಾಡ್?" ಅಂದಳು.

ನಾನು ಹೌದೆಂದು ತಲೆಯಾಡಿಸಿದೆ. ಮೊದಲ ಸುಳ್ಳಿಗಿಂತ ಇದೇ —

ಅಶ್ವಿನಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಬಂದದ್ದು ಅದಕ್ಕೇ ಇರಬೇಕು. ಅದೂ ಹೇಡಿತನವೇ. ಶನಿವಾರ ಅವಳು ಬರುತ್ತಾಳೆ. ಅವಳೆದುರು ಕೂತು ನಾನೇ ಓದಿ ಹೇಳುತ್ತೇನೆ. ಆಮೇಲೆ ಡಾಕ್ಟರ ಮನೆಗೆ ಹೋಗುತ್ತೇನೆ.

ಈಗ ನನಗಿರುವುದು: ಒಂದು ಮನೆ, ಎರಡು ವ್ಯಾನು, ಕೈಕೆಳಗೆ ನಾಲ್ಕು ಜನ ಕೆಲಸಗಾರರು, ಹೆಂಡತಿ, ಮತ್ತು ಶನಿವಾರದವರೆಗೆ, ನನ್ನ ಮಾತು ನಂಬುವ ಒಬ್ಬಳು ಮಗಳು.