ಇಳಿಯುವ ಹೊತ್ತಿನಲ್ಲಿ ಯೋಗಕ್ಷೇಮ

ವಿಮಾನ ಹಾರಿಸುವುದು ಕಷ್ಟವೇ ಎಂದು ಜನ ಈಗಲೂ ಕೇಳುತ್ತಾರೆ. ಹಾರಿಸುವುದೇನೂ ಕಷ್ಟವಲ್ಲ, ಇಳಿಸುವುದು ಕಷ್ಟ. ಇಳಿಸುವಾಗ ಯಾರಾದರೂ ಮಾತಾಡಿಸಿದರೆ ಇನ್ನೂ ಕಷ್ಟ. ನನಗಂತೂ ಮೂಗಿನ ತುದಿಯಲ್ಲೇ ಸಿಟ್ಟು. ಇಂಡಿ ಪಟ್ಟಣದ ನಮ್ಮ ಮನೆಯಲ್ಲಿ ಮರಾಠಿಯಲ್ಲಿ ಬೈಸಿಕೊಂಡು, ಓಣಿಯಲ್ಲಿ ಕನ್ನಡದಲ್ಲಿ ಬೈಸಿಕೊಂಡು ಬೆಳೆದವನು ನಾನು. ತಿರುಗಿ ಬೈಯುವುದೂ ಎರಡು ಭಾಷೆಯಲ್ಲಿ ಬರುತ್ತಿತ್ತು.

ಅರವತ್ತರ ದಶಕದ ಮಾತು. ಹತ್ತಿಗೆ ಹುಳ ಬಿದ್ದು, ಸಿಂದಗಿ ಕಡೆಯ ಹೊಲಗಳಿಗೆ ಮೇಲಿನಿಂದ ಔಷಧಿ ಹೊಡೆಯಲು ನನ್ನನ್ನು ಕಳಿಸಿದ್ದರು. ಒಬ್ಬನೇ ಕೂರುವ ಸಣ್ಣ ವಿಮಾನ. ಯಂಕಂಚಿಯ ಹತ್ತಿರ ಒಂದು ಮಡ್ಡಿ ನೆಲದಲ್ಲಿ ಕಲ್ಲು ಆರಿಸಿ, ಕಂಟಿ ಕಡಿದು, ಇಳಿಯುವ ಪಟ್ಟಿ ಮಾಡಿದ್ದರು. ನೆಲ ಅಲ್ಲಿನ ಒಬ್ಬ ಹಿರಿಯ ಮುಸ್ಲಿಂ ರೈತರದು. ಊರಿಗೆ ಊರೇ ಅವರನ್ನು ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ದಿನಾ ಸಂಜೆ ಅವರು ಬೇವಿನ ಮರದ ಕೆಳಗೆ ಹೊರಸು ಹಾಕಿಸಿಕೊಂಡು ಕೂರುವರು. ನನಗಾಗಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿ ಇಟ್ಟುಕೊಂಡಿರುವರು.

ಮುತ್ಯಾರದು ಒಂದು ರೀತಿ ಇತ್ತು. ಬಂದವನ ಯೋಗಕ್ಷೇಮ ಕೇಳಬೇಕು, ಅವನು ಆರಾಮ ಇದ್ದೇನೆ ಎನ್ನಬೇಕು, ಆಮೇಲೆಯೇ ಬೇರೆ ಮಾತು. ಬಣವೆಗೆ ಬೆಂಕಿ ಬಿದ್ದ ಸುದ್ದಿ ತಂದವನನ್ನೂ ಮೊದಲು ಕೂಡಿಸಿ, ಆರಾಮ ಅದೀಯೇನಪಾ ಎಂದು ಕೇಳಿದವರಂತೆ. ಕೆಟ್ಟ ಸುದ್ದಿ ಹೇಳುವುದಾದರಂತೂ ಎದುರಿನವನು ತಾಳಿಕೊಳ್ಳುವ ಸ್ಥಿತಿಯಲ್ಲಿದ್ದಾನೋ ಇಲ್ಲವೋ ತಿಳಿಯದೆ ಬಾಯಿ ಬಿಡುತ್ತಿರಲಿಲ್ಲ.

ಅದೇ ಮರದ ಕೆಳಗೆ ನಮ್ಮ ರೇಡಿಯೋ. ಅದನ್ನು ನೋಡಿಕೊಳ್ಳುತ್ತಿದ್ದವನು ನಿಡಗುಂದಿ ಕಡೆಯವನು, ಪಲ್ಟನ್ನಿನಲ್ಲಿ ವೈರ್‌ಲೆಸ್ ಕಲಿತು ಬಂದಿದ್ದ. ಕೈಮೈಕಿನ ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಆ ಕಡೆಯವರ ಮಾತು ಕೇಳುತ್ತದೆ. ಎರಡೂ ಒಟ್ಟಿಗೆ ಆಗದು. ನಾನು ಇಳಿಯುವಾಗ ಗಾಳಿ ಯಾವ ಕಡೆಯದು, ಪಟ್ಟಿ ಖಾಲಿ ಇದೆಯೋ ಇಲ್ಲವೋ, ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡಿರು ಎಂದು ಅವನಿಗೆ ತಾಕೀತು ಮಾಡಿದ್ದೆ.

ಯಾಕೆಂದರೆ ಆ ಹೊತ್ತಿನಲ್ಲಿ ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲ. ಬಲಗೈಯಲ್ಲಿ ವಿಮಾನ ನಡೆಸುವ ಕೋಲು, ಎಡಗೈಯಲ್ಲಿ ಇಂಜಿನ್ನಿನ ವೇಗ, ಎರಡೂ ಕಾಲು ಬಾಲವನ್ನು ನೆಟ್ಟಗಿಡುವುದರಲ್ಲಿ. ವೇಗ ಕಮ್ಮಿಯಾದರೆ ಕಲ್ಲು ಬಿದ್ದಂತೆ ಬೀಳುತ್ತೀರಿ, ಹೆಚ್ಚಾದರೆ ಪಟ್ಟಿ ಮುಗಿದು ಹಳ್ಳ ಸೇರುತ್ತೀರಿ. ವಿಮಾನದ ಮೂತಿ ಎತ್ತರವಾದ್ದರಿಂದ ಕೊನೆಗೆ ಎದುರಿನ ನೆಲವೇ ಕಾಣದು. ಅಕ್ಕಪಕ್ಕ ಇಣುಕಿ ಅಂದಾಜು ಕಟ್ಟಬೇಕು. ಮಾತಾಡಬೇಕೆಂದರೆ ಎಡಗೈ ಬಿಟ್ಟು ಮೈಕು ಎತ್ತಬೇಕು.

ಆ ಸಂಜೆ ಪಡುವಣ ಗಾಳಿ. ಇಳಿಯುವುದು ಗಾಳಿಗೆ ಎದುರಾಗಿ, ಹಾಗಾಗಿ ಸೂರ್ಯನಿಗೆ ಮುಖಮಾಡಿಯೇ ಇಳಿಯಬೇಕಿತ್ತು, ಕಣ್ಣು ಕುಕ್ಕುತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲು ತಳ ಹತ್ತಿತ್ತು. ನಾನು ಪಟ್ಟಿಯ ಕಡೆ ತಿರುಗಿದ ಹೊತ್ತಿಗೇ ಒಂದು ಕುರಿಹಿಂಡು ಪಟ್ಟಿಗೆ ನುಗ್ಗಿತ್ತಂತೆ. ರೇಡಿಯೋದವನು ಮೈಕನ್ನು ಮುತ್ಯಾರ ಕೈಗೆ ತುರುಕಿ, "ಈ ಗುಂಡಿ ಒತ್ತಿ ಹಿಡೀರಿ ಮುತ್ಯಾ, ಪಟ್ಟಿ ಮ್ಯಾಲ ಕುರಿ ಅದಾವ, ಇಳೀಬ್ಯಾಡ್ರಿ ಅಂತ ಹೇಳ್ರಿ," ಎಂದು ಕುರಿ ಹೊಡೆಯಲು ಓಡಿದ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನ್ನ ಕಿವಿಗೆ ಬಿದ್ದದ್ದು ಇಷ್ಟೇ:

"ನಮಸ್ಕಾರ್ರಿ ಸಾಹೇಬ್ರ. ಆರಾಮ ಅದೀರೇನ್ರಿ?"

ನಾನೇನು ಬೀಗರ ಮನೆಗೆ ಬರುತ್ತಿದ್ದೇನೆಯೇ ಎಂದು ಹಲ್ಲು ಕಡಿದೆ.

"ಆರಾಮ ಅದೀರೇನ್ರಿ?" ಮತ್ತೆ ಅದೇ. ಸಾಯಲಿ ಎಂದು ಎಡಗೈ ಬಿಟ್ಟು ಮೈಕು ಎತ್ತಿ, "ಆರಾಮ ಅದೀನ್ರಿ, ಮುಂದ ಹೇಳ್ರಿ," ಎಂದೆ. ಆದರೆ ಮುತ್ಯಾ ಗುಂಡಿ ಬಿಟ್ಟಿರಲಿಲ್ಲ. ಬಿಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಮಾತು ಅವರನ್ನು ಮುಟ್ಟಲಿಲ್ಲ. ನೆಲ ಮೇಲೇರಿ ಬರುತ್ತಿತ್ತು. ಅವರು ಪಕ್ಕದಲ್ಲಿದ್ದ ಯಾರಿಗೋ ಮೆಲ್ಲಗೆ ಹೇಳುವುದು ಕೇಳಿಸಿತು.

"ಮಾತಿಗಿ ಮಾತು ಕೊಡವಲ್ರು. ಆರಾಮ ಅದಾರೋ ಇಲ್ಲೋ ಗೊತ್ತಿಲ್ದ ಕುರಿ ಬಂದಾವು ಅಂತ ಹೆಂಗ ಹೇಳ್ಲಿ?"

ಕುರಿ! ಜೀವ ಬಾಯಿಗೆ ಬಂತು. ಮೈಕು ತೊಡೆಯ ಮೇಲೆ ಬಿಸುಟು ಇಂಜಿನ್ನಿಗೆ ಪೂರಾ ವೇಗ ಕೊಟ್ಟೆ. ವಿಮಾನ ಒಲ್ಲೆ ಒಲ್ಲೆ ಎನ್ನುತ್ತ ಮೇಲೆದ್ದಿತು. ರೆಕ್ಕೆಯ ಕೆಳಗೆ ಕುರಿಗಳ ಬೆನ್ನು ಸರಿದುಹೋದವು, ನಡುವೆ ನಮ್ಮ ರೇಡಿಯೋದವನು ಟವೆಲ್ಲು ಬೀಸುತ್ತ ಓಡುತ್ತಿದ್ದ. ಒಂದು ಸುತ್ತು ಹಾಕಿ ಬರುವಷ್ಟು ಪೆಟ್ರೋಲು ಇತ್ತೋ ಇಲ್ಲವೋ, ನನಗೆ ಖಾತ್ರಿ ಇರಲಿಲ್ಲ.

ಗುಂಡಿ ಇನ್ನೂ ಒತ್ತಿಯೇ ಇತ್ತು. ಸುತ್ತು ಹಾಕುವಷ್ಟೂ ಹೊತ್ತು ಮುತ್ಯಾರ ಉಸಿರು ನನ್ನ ಕಿವಿಯಲ್ಲಿತ್ತು. ಆಮೇಲೆ, ತಮ್ಮಷ್ಟಕ್ಕೆ ತಾವು ಆಡುವ ದನಿಯಲ್ಲಿ, "ಯಾ ಅಲ್ಲಾ, ನಮ್ಮ ಹುಡುಗನ್ನ ಸಾವಕಾಶ ಇಳಸಪಾ. ರೊಟ್ಟಿ ತಿಂದಿಲ್ಲ ಇನ್ನ," ಎನ್ನುವುದು ಕೇಳಿತು. ಮತ್ತೆ ಅದೇ, ಮತ್ತೆ ಅದೇ. ಇಳಿಯುವಾಗ ಕಿವಿಯಲ್ಲಿ ಯಾರದಾದರೂ ದನಿ ಇದ್ದರೆ ಮೈಯೆಲ್ಲ ಉರಿಯುತ್ತಿದ್ದ ನನಗೆ ಅವತ್ತು ಆ ದನಿ ನಿಂತರೆ ಎಂದು ಭಯವಾಯಿತು. ಅದನ್ನು ಕೇಳುತ್ತಲೇ, ಅಷ್ಟರಲ್ಲಿ ಕುರಿ ಸರಿದು ಖಾಲಿಯಾಗಿದ್ದ ಪಟ್ಟಿಯಲ್ಲಿ ಚಕ್ರ ನೆಲಕ್ಕೆ ಮುಟ್ಟಿಸಿದೆ.

ಇಳಿದವನೇ ಬೇವಿನ ಮರದ ಕಡೆ ದಾಪುಗಾಲು ಹಾಕಿದೆ. ಎರಡೂ ಭಾಷೆಯ ಬೈಗುಳ ನಾಲಿಗೆಯ ಮೇಲೆ ಸಿದ್ಧವಿದ್ದವು. ಮುತ್ಯಾ ಹೊರಸಿನಿಂದ ಎದ್ದು ನಿಂತಿದ್ದರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದರೂ ಮೈಕು ಅವರ ಬಾಯಿಯ ಹತ್ತಿರವೇ ಇತ್ತು. ನನ್ನ ಮುಖ ನೋಡುತ್ತ ಅದರಲ್ಲೇ ಕೇಳಿದರು.

"ಆರಾಮ ಅದೀರೇನ್ರಿ?"

ಬೈಗುಳ ಎಲ್ಲಿ ಹೋದವೋ. "ಆರಾಮ ಅದೀನ್ರಿ ಮುತ್ಯಾ," ಎಂದೆ.

ಅವರು ದೊಡ್ಡದೊಂದು ಉಸಿರು ಬಿಟ್ಟರು. "ಪಟ್ಟಿ ಮ್ಯಾಲ ಕುರಿ ಅದಾವ್ರಿ," ಎಂದರು. "ಇಳೀಬ್ಯಾಡ್ರಿ." ಹೇಳಿ ಮುಗಿಸಿದ ಮೇಲೆ ಅತ್ತುಬಿಟ್ಟರು. ನಾನೂ ಅತ್ತೆ. ಗುಂಡಿಯ ಮೇಲೆ ಸೆಟೆದುಕೊಂಡಿದ್ದ ಅವರ ಬೆರಳನ್ನು ನಾನೇ ಮೆಲ್ಲಗೆ ಬಿಡಿಸಬೇಕಾಯಿತು.