ಕಾರಿಗೆ ಹೊದಿಸಿದ ತೆನೆ ಸೆರಗು

ನಮ್ಮಪ್ಪನಿಗೆ ಇಬ್ಬರು ಮಕ್ಕಳು: ನಾನು ಮತ್ತು ಕಾರು. ಮುದ್ದು ಯಾವುದರ ಮೇಲೆ ಎಂದು ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಹುಬ್ಬಳ್ಳಿಯ ಯಾರೋ ಪುಣ್ಯಾತ್ಮರು ಕೈತೊಳೆದುಕೊಂಡ ಹಳೆಯ ವಿಲಾಯತಿ ಕಾರು ಅದು. ಎಂಜಿನ್ ಹಿಂದೆ, ಡಿಕ್ಕಿ ಮುಂದೆ, ರೇಡಿಯೇಟರ್ ಎಲ್ಲೂ ಇಲ್ಲ. ಎಂಜಿನ್ ಗಾಳಿಯಿಂದಲೇ ತಣ್ಣಗಾಗುತ್ತದಂತೆ. ನಮ್ಮ ಕಡೆಯ ಬೇಸಿಗೆಯ ಗಾಳಿಗೆ ಮನುಷ್ಯರೇ ತಣ್ಣಗಾಗುವುದಿಲ್ಲ, ಆ ಮಾತು ಬೇರೆ.

ಹುನಗುಂದಕ್ಕೆ ಹೋಗುವುದೆಂದರೆ ಬೇವಿನ ಮರಗಳ ಯಾತ್ರೆ. ನೆರಳು ಕಂಡಲ್ಲಿ ಅಪ್ಪ ನಿಲ್ಲಿಸಿ, ಹಿಂದಿನ ಮುಚ್ಚಳ ಎತ್ತಿ ಕೂರುತ್ತಿದ್ದ. ಯಾರಾದರೊಬ್ಬರು ಕೊಡ ಹಿಡಿದು ಓಡಿ ಬರುತ್ತಿದ್ದರು.

"ನೀರ ಹಾಕ್ರಿ, ಭಾಳ ಕಾದೈತಿ."

"ಇದು ನೀರ ಕುಡಿಯಂಗಿಲ್ರಿ. ಗಾಳಿ ಕುಡೀತೈತಿ."

"ಹಂಗಾರ ಉಪಾಸದ ಗಾಡಿ ಅನ್ರಿ!"

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮದುವೆ ಗೊತ್ತಾಯಿತು. ಬಾಗಲಕೋಟೆಯಲ್ಲಿ, ಅದೂ ಮೇ ತಿಂಗಳಲ್ಲಿ. ಬೀಗರಿಗೆ ನಮ್ಮನ್ನು ಹುರಿದು ತಿನ್ನುವ ಆಸೆ ಇತ್ತೋ ಏನೋ. ಬಂಧುಬಳಗವೆಲ್ಲ ಟೆಂಪೊ ಹತ್ತಿ ಮುಂದೆ ಹೋಯಿತು. ಮದುಮಗಳು ಮಾತ್ರ ಕಾರಿನಲ್ಲೇ ಬರಬೇಕೆಂದು ಅಪ್ಪನ ಹಟ. ಮಗ್ಗದ ಮನೆಯ ಕಾರು ಬರಿಮೈಯಲ್ಲಿ ಹೋಗಬಾರದೆಂದು ಅವ್ವನ ಹಟ. ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ತಾನೇ ಕೂತು ನೇಯ್ದ ಎರಡು ಸೀರೆಗಳಲ್ಲಿ ಒಂದನ್ನು ನನಗೆ ಉಡಿಸಿದಳು, ಇನ್ನೊಂದನ್ನು ಕಾರಿಗೆ. ಬೀಗರ ಊರಿಗೆಲ್ಲ ಕಾಣಲೆಂದು ಜೋಳದ ತೆನೆಗಳಂತೆ ನೇಯ್ದ ಕೆಂಪು ತೆನೆ ಸೆರಗನ್ನು ಹಿಂದಿನ ಮುಚ್ಚಳದ ಮೇಲೆ ಹರಡಿ, ಬಂಪರಿಗೆ ಬಿಗಿದಳು. ಅಪ್ಪ ನೋಡಿದ. ಏನೂ ಅನ್ನದೆ ಸ್ಟೇರಿಂಗ್ ಹಿಡಿದ.

ಅಮೀನಗಡ ದಾಟುತ್ತಿದ್ದಂತೆ ಸುಟ್ಟ ಎಣ್ಣೆಯ ವಾಸನೆ ಬಂತು, ಕಾರು ಏದುಸಿರು ಬಿಟ್ಟು ನಿಂತಿತು. ಮರವೂ ಇಲ್ಲದ ಜಾಗ. ಅಕ್ಕಿಕಾಳು ಬೀಳುವ ಮುಹೂರ್ತ ಹತ್ತಿರವಾಗುತ್ತಿತ್ತು. ನನಗೆ ಅಳು ಬಂತು, ಸಿಟ್ಟಿನ ಅಳು. ಬಾಸಿಂಗ ಕಟ್ಟಿಕೊಂಡು ರಸ್ತೆಯ ಮೇಲೆ ಬೇಯುವುದು ಎಷ್ಟು ಜನರ ಹಣೆಯಲ್ಲಿ ಬರೆದಿರುತ್ತದೆ!

"ಏನಾತ್ರಿ ಇದಕ್ಕ?" ಅವ್ವ ಕೇಳಿದಳು.

ಅಪ್ಪ ಮುಂದಿನ ಡಿಕ್ಕಿ ನೋಡಿದ, ಟೈರು ನೋಡಿದ, ಆಕಾಶ ನೋಡಿದ. ಕೊನೆಗೆ ನೆಲಕ್ಕೆ ಹೇಳುವವನಂತೆ ಅಂದ: "ಗಾಳಿ ಹೋಗೂ ಕಿಂಡಿ ಆ ಸೆರಗಿನ ಬುಡಕ ಅದಾವ."

ಅವ್ವ ಇಳಿದು ಗಂಟು ಬಿಚ್ಚಿದಳು. ಸೈಲೆನ್ಸರಿನ ಹತ್ತಿರ ಸೆರಗಿನ ತುದಿ ಕಂದಿತ್ತು. ಎಂಜಿನ್ ಆರುವವರೆಗೆ ಮೂವರೂ ಬಿಸಿಲಲ್ಲಿ ನಿಂತೆವು. ಆಮೇಲೆ ಮುಚ್ಚಳಕ್ಕೆ ಕಟ್ಟಿಗೆ ಕೊಟ್ಟು, ಅರ್ಧ ಬಾಯಿ ತೆರೆಸಿ ಹೊರಟೆವು. ಹಿಂದೆ ಬಂದ ಮೋಟಾರ್ ಸೈಕಲ್ಲಿನವರೆಲ್ಲ "ಡಿಕ್ಕಿ ತೆರದೈತ್ರೀ!" ಎಂದು ಕೂಗಿ ಉಪಕಾರ ಮಾಡಿದರು.

ಅವ್ವ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕಂದಿದ ತುದಿಯನ್ನು ಸವರಿದಳು.

"ಗೊತ್ತಿತ್ತಂದ್ರ ಕಟ್ಟೂ ಮುಂದನ ಹೇಳಾಕ ಏನಾಗಿತ್ತ್ರಿ?"

ಅಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಸೆರಗ ಹಾಸಿ, ಹಿಂದ ಸರದು ನಿಂತು ನೋಡಿದೆಲ್ಲಾ ನೀ. ಆ ನಗಿ ಮಾರಿ ನಾ ನಮ್ಮ ಲಗ್ನದಾಗ ನೋಡಿದ್ದೆ. ಎಂಜಿನ್ ಹೋದ್ರ ಹೋಗ್ಲಿ ಅಂದೆ."

"ನನ್ನ ಲಗ್ನಾನೂ ಹೋಗ್ತಿತ್ತಲ್ಲಪ್ಪಾ," ಎಂದೆ.

ಮುಂದಿನ ಸೀಟಿನಲ್ಲಿ ಯಾರಿಗೂ ಕೇಳಿಸಲಿಲ್ಲ.